ಸ್ಮಶಾನದ ತಿರುವಿನಲ್ಲಿ ನಿಂತ ಕಾರು

ಕಾರಿನ ಹಾರ್ನ್ ಎರಡು ಸಲ ಮೆಲ್ಲಗೆ ಕೇಳಿಸಿತು. ಗಣಿ ಕಾರ್ಮಿಕರ ಭವನದಲ್ಲಿ ನಮಗೆ ಚಹಾ ಬಗ್ಗಿಸುತ್ತಿದ್ದ ನೊರೀನ್ ಹ್ಯಾಲಮ್ ತಲೆ ಎತ್ತಲಿಲ್ಲ. ಹೆಂಗಸರೆಲ್ಲ ಹೋದಮೇಲೆ ಬಾ ಎಂದು ಅವಳು ಕೀತ್‌ಗೆ ಹೇಳಿದ್ದಳು. ಗುರುವಾರದ ಓದುಕೂಟ ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು. ಅಂದು ಮಾತು ಬೆಳೆದಿತ್ತು.

ನಮ್ಮೂರಿನ ಕಲ್ಲಿದ್ದಲು ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ ದೊಡ್ಡ ಮುಷ್ಕರದ ವರ್ಷ ಅದನ್ನು ಮುರಿದು ಕೆಲಸಕ್ಕೆ ಹೋದವರು ಎದುರಾದರೆ ನಾವು ಇಂದಿಗೂ ಬೆನ್ನು ತಿರುಗಿಸುತ್ತೇವೆ. ಕೀತ್ ಹಾಗೆ ಹೋದವನು. ಕಲ್ಲೇಟಿಗೆ ಹೆದರಿ ಕಿಟಕಿಗೆ ಜಾಲರಿ ಬಡಿದ ಬಸ್ಸಿನಲ್ಲಿ, ತಲೆ ತಗ್ಗಿಸಿಕೊಂಡು. ನೊರೀನ್‌ಳ ಗಂಡ ರಾಯ್ ಗಣಿಯ ಗೇಟಿನ ಮುಂದೆ ನಿಂತು ಆ ಬಸ್ಸಿನತ್ತ ಕೂಗಿದವನು. ಜೈಲು ಕಂಡ, ಕೆಲಸ ಕಳೆದುಕೊಂಡ, ಮತ್ತೆಂದೂ ದುಡಿಯದೆ ತೀರಿಕೊಂಡ. ಅವನು ಹೋದ ಮೇಲೂ ನೊರೀನ್ ಬಹಳ ಕಾಲ ಕೀತ್‌ಗೆ ಬೆನ್ನನ್ನೇ ತೋರಿಸಿದಳು. ಹೋದ ಚಳಿಗಾಲ ಬೀದಿಯ ಹಿಮದಲ್ಲಿ ಜಾರಿ ಬಿದ್ದಾಗ ಅವಳನ್ನು ಎತ್ತಿ ಮನೆ ಸೇರಿಸಿದವನು ಅವನೇ.

ಆ ದಿನ ನಾವು ಮಾತಾಡುತ್ತಿದ್ದದ್ದು ಒಂದು ಕಾಲಕ್ಕೆ ಅಶ್ಲೀಲವೆಂದು ತಡೆಹಿಡಿದಿದ್ದ ಹಳೆಯ ಇಂಗ್ಲಿಷ್ ಕಾದಂಬರಿಯ ಬಗ್ಗೆ. ಸಿರಿವಂತರ ಮನೆಯ ಹೆಂಡತಿ ತನ್ನ ಅಂತಸ್ತಿನವನಲ್ಲದ ಗಂಡಸನ್ನು ಬಯಸುವ ಕಥೆ. ಅದನ್ನು ಆರಿಸಿದವಳು ಕೂಟ ನಡೆಸುವ ಡೊನ್ನಾ, ನೊರೀನ್‌ಳ ಮಗಳು.

"ಯಾರ ಪಕ್ಕ ಮಲಗ್ಬೇಕು ಅನ್ನೋದು ಅವಳಿಗೆ ಬಿಟ್ಟಿದ್ದು. ಊರನ್ನ ಯಾಕೆ ಕೇಳ್ಬೇಕು? ಇವತ್ತಿಗೂ ಹೆಂಗಸ್ರು ಕಲೀಬೇಕಾದ್ದು ಅದೇ," ಎಂದಳು ಡೊನ್ನಾ.

"ಅಷ್ಟೆಲ್ಲ ಮಾಡೋಕೆ ಅವಳಿಗೆ ಪುರುಸೊತ್ತು ಎಲ್ಲಿತ್ತೇ? ಓ, ಪಾತ್ರೆ ತೊಳೆಯೋಕೆ ಆಳಿದ್ರಲ್ಲ," ಎಂದಳು ಪಾಲಿನ್. ಎಲ್ಲರೂ ನಕ್ಕೆವು.

ಹಾರ್ನ್ ಮತ್ತೆ ಕೇಳಿಸಿತು. ಪಾಲಿನ್ ಕಿಟಕಿಯಲ್ಲಿ ಇಣುಕಿದಳು. "ಸ್ಮಶಾನದ ತಿರುವಲ್ಲಿ ಆ ಕೀತ್. ಯಾರನ್ನ ಕಾಯ್ತಿದಾನೋ."

"ನನ್ನನ್ನ," ಎಂದಳು ನೊರೀನ್.

ಅವಳು ಮಗಳ ಕಡೆ ತಿರುಗಿದಳು.

"ಪ್ರತಿ ಭಾನುವಾರ ನಾನು ಹೋಗೋದು ನಿಂಗೆ ಹೇಳ್ದಂಗೆ ನಮ್ಮಕ್ಕನ ಮನೆಗಲ್ಲ ಡೊನ್ನಾ. ಅವನ ಮನೆಗೆ ಹೋಗ್ತೀನಿ. ಮಾರನೇ ಬೆಳಿಗ್ಗೆ ಬರ್ತೀನಿ."

"ಊರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ ನಿಂಗೆ?" ಎಂದಳು ಡೊನ್ನಾ.

"ಊರನ್ನ ಕೇಳ್ಬಾರ್ದು ಅಂತ ಈಗ ತಾನೇ ಹೇಳಿದ್ಯಲ್ಲೇ."

"ಅದು ಪುಸ್ತಕ, ಅಮ್ಮ. ಇದು ಅಪ್ಪ."

ನೊರೀನ್ ಚಹಾ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. "ನಿಮ್ಮಪ್ಪ ಹೋದ್ಮೇಲೆ ಕೀತ್ ನನ್ನ ಎತ್ತೋವರೆಗೂ ನನ್ನ ಮೈ ಮುಟ್ಟಿದ್ದು ಡಾಕ್ಟ್ರು ಒಬ್ರೇ. ಅದೂ ಕೈಗೆ ಗವಸು ಹಾಕ್ಕೊಂಡು."

ಪಾಲಿನ್ ಮೊದಲು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲರೂ. ಕೀತ್‌ಗೆ ತೋರಿಸುತ್ತಿದ್ದ ಬೆನ್ನುಗಳು ಈಗ ತನ್ನ ಕಡೆ ತಿರುಗಿದ್ದನ್ನು ನೊರೀನ್ ನೋಡಿದಳು. ಡೊನ್ನಾ ಮಾತ್ರ ತಿರುಗಲಿಲ್ಲ.

"ಅವನ ಕಾರು ಹತ್ತಿದ್ರೆ ನನ್ನ ಮಕ್ಕಳನ್ನ ನೋಡೋಕೆ ಬರ್ಬೇಡ."

ನೊರೀನ್ ಕೋಟು ತೊಟ್ಟಳು. ಮೇಲಿನ ಗುಂಡಿ ಕೈಗೆ ಸಿಗದೆ ಹಾಗೇ ಬಿಟ್ಟಳು.

"ಕೇಳಿಸ್ತಾ? ನಾನಿನ್ನೂ ಮಾತಾಡ್ತಿದೀನಿ ಅಮ್ಮ. ಅಪ್ಪ ಇದ್ದಿದ್ರೆ..."

ನೊರೀನ್ ನೀರು ಕಾಯಿಸುವ ಡ್ರಮ್ಮಿನ ಸ್ವಿಚ್ಚು ಆರಿಸಿ, ಬಾಗಿಲು ಎಳೆದು, ಸ್ಮಶಾನದ ತಿರುವಿನ ಕಡೆ ನಡೆದಳು.