ಹಿತ್ತಿಲಿಗೆ ದಾರ ಕಟ್ಟಿದವರು

ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಒಂದು ಆಷಾಢದ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಅಲ್ಲಿ ಇಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಐದು ಕಡೆ ನಾಲ್ಕು ನಾಲ್ಕು ಗೂಟ ಊರಿ, ಸುತ್ತ ದಾರ ಕಟ್ಟಿ ಚೌಕ ಮಾಡಿ, ಒಳಗಿನ ಒಂದೊಂದು ಗಿಡವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಬ್ಬರು ಮಣಿಪಾಲದ ಕಾಲೇಜಿನ ಮೇಷ್ಟ್ರು, ಇನ್ನೊಬ್ಬಳು ಅವರ ಶಿಷ್ಯೆ, ಬಜಗೋಳಿ ಕಡೆಯ ಹುಡುಗಿ.

ಉಳುವವನಿಗೇ ಭೂಮಿ ಎಂದು ಸರಕಾರ ಹೇಳಿದ ಕಾಲ ಅದು. ಮಾವನ ಕಾಲದಿಂದ ನಾವು ಗೇಣಿಗೆ ಮಾಡಿಕೊಂಡು ಬಂದ ಆ ತುಂಡು ಜಾಗಕ್ಕೆ ನಾನೂ ಡಿಕ್ಲರೇಶನ್ ಅರ್ಜಿ ಹಾಕಿದ್ದೆ. ಜಾಗದ ಧಣಿಗಳು ಅದು ಗೇಣಿಯದ್ದೇ ಅಲ್ಲ, ಹಾಳುಬಿದ್ದ ಜಾಗ ಎಂದು ತಕರಾರು ಹಾಕಿದ್ದರು. ಗಂಡ ಮುಂಬಯಿಯ ಹೋಟೆಲಿನಲ್ಲಿ. ಜಾಗ ಉಳಿಸಿಕೊಳ್ಳಬೇಕಾದವಳು ನಾನೊಬ್ಬಳೇ. ದಾರ ಕಂಡರೆ ಧಣಿಗಳು ಜಾಗ ಅಳೆಸುತ್ತಿದ್ದಾರೆ ಎನ್ನಿಸದಿರುತ್ತದೆಯೇ?

"ಎಂತ ಅಳೆಯುವುದು ಇಲ್ಲಿ?" ಎಂದೆ. ಕೈಯಲ್ಲಿ ಕತ್ತಿ ಇತ್ತು.

"ಅಳೆಯುವುದಲ್ಲ ಅಮ್ಮ, ಲೆಕ್ಕ ಮಾಡುವುದು," ಎಂದರು ಮೇಷ್ಟ್ರು. "ಪೇಟೆ ದೊಡ್ಡದಾದ ಹಾಗೆ ಯಾವ ಗಿಡ ಉಳೀತದೆ, ಯಾವುದು ಹೋಗ್ತದೆ ಅಂತ."

"ಹುಲ್ಲು ಲೆಕ್ಕ ಮಾಡ್ಲಿಕ್ಕೆ ಸಂಬಳ ಕೊಡ್ತಾರಾ?"

"ನನಗೆ ಕೊಡ್ತಾರೆ. ಇವಳಿಗೆ ಅದೂ ಇಲ್ಲ."

ಹುಡುಗಿ ನಕ್ಕಳು. ನಾನು ನಗಲಿಲ್ಲ. ಹೋಗುವಾಗ ಮೇಷ್ಟ್ರು ಹಿತ್ತಿಲನ್ನೆಲ್ಲ ನೋಡಿ, "ಪೇಟೆಯ ನಡುವೆ ಇಷ್ಟು ಒಳ್ಳೆ ಕಾಡು ಉಂಟಲ್ಲ ಮಾರಾಯ್ತಿ!" ಎಂದು ಅವಳಿಗೆ ಹೇಳಿದರು.

ಕಾಡು! ಧಣಿಗಳೇ ಇವರನ್ನು ಕಳಿಸಿ ಹೀಗೆ ಹೇಳಿಸಿದ್ದು ಎಂದು ನನಗೆ ಖಾತ್ರಿಯಾಯಿತು. ನಮ್ಮ ಹಿತ್ತಿಲಲ್ಲಿ ಕೆಸು, ಅರಸಿನ, ಸುವರ್ಣಗೆಡ್ಡೆ ಎಲ್ಲ ಒಂದರ ಬುಡದಲ್ಲಿ ಇನ್ನೊಂದು. ನಡುವೆ ಹುಲ್ಲು, ತಿಮರೆ ಎನ್ನುವ ಒಂದೆಲಗ. ನೆಟ್ಟವಳನ್ನು ಬಿಟ್ಟರೆ ಬೇರೆಯವರಿಗೆ ಅದು ತೋಟವಾಗಿ ಕಾಣುವುದಿಲ್ಲ. ತನಿಖೆಯ ಅಧಿಕಾರಿ ಬರಲು ಒಂದು ವಾರ ಉಳಿದಿತ್ತು. ಎರಡು ದಿನ ಬಗ್ಗಿದ ಬೆನ್ನು ಎತ್ತದೆ ಮನೆ ಹಿಂದಿನದ್ದನ್ನೆಲ್ಲ ಕಿತ್ತೆ, ಅವರ ಗೂಟಗಳನ್ನೂ. ಸಾಲು ತೆಗೆದು ಹರಿವೆ ಸಸಿ ನೆಟ್ಟೆ. ಕೆಳಗಿನ ಮೂಲೆಯವರೆಗೆ ಕೈ ಹೋಗಲಿಲ್ಲ. ಇನ್ನು ಯಾರು ಬೇಕಾದರೂ ಬಂದು ನೋಡಲಿ ಎಂದುಕೊಂಡೆ.

ಮೊದಲು ಬಂದವಳು ಆ ಹುಡುಗಿ. ಸಾಲುಗಳನ್ನು ನೋಡಿ ಹಾಗೇ ನಿಂತಳು.

"ಎಂತ ಮಾಡಿದ್ದು ಅಮ್ಮ ನೀವು? ಎಲ್ಲ ಹೋಯ್ತಲ್ಲ!"

"ನನ್ನ ಹಿತ್ತಿಲು, ನನ್ನ ಕೈ. ಹೋಗಿ ನಿಮ್ಮ ಧಣಿಗಳಿಗೆ ಹೇಳು."

"ಯಾವ ಧಣಿ?" ಎಂದಳು. ನಾಟಕ ಚೆನ್ನಾಗಿ ಮಾಡುತ್ತಾಳೆ ಎಂದುಕೊಂಡೆ.

ಅಧಿಕಾರಿ ಬಂದ ದಿನ ಧಣಿಗಳ ಗುಮಾಸ್ತನೂ ಬಂದಿದ್ದ. ಬಗ್ಗಿ ಒಂದು ಹರಿವೆ ಗಿಡ ಎಳೆದ. ಬೇರು ಮಣ್ಣನ್ನು ಹಿಡಿದೇ ಇರಲಿಲ್ಲ, ಸುಮ್ಮನೆ ಮೇಲೆ ಬಂತು. "ನೋಡಿ ಸ್ವಾಮಿ, ಮೊನ್ನೆ ನೆಟ್ಟದ್ದು. ಅದಕ್ಕೆ ಮೊದಲು ಇಲ್ಲಿ ಎಂತ ಇತ್ತು ಅಂತ ಕೇಳಿ." ನಾನು ಹೇಳಿದೆ. ನನ್ನ ಮಾತಿಗೆ ಸಾಕ್ಷಿ ಎಲ್ಲಿ? ಇದ್ದದ್ದನ್ನು ನಾನೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದೆ. ನೆರೆಯವರೆಲ್ಲ ಅದೇ ಧಣಿಗಳ ಒಕ್ಕಲು. ನನ್ನ ಪರ ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಸಾಕ್ಷಿ ಇದ್ದರೆ ಸೋಮವಾರ ಕಚೇರಿಗೆ ತನ್ನಿ ಎಂದು ಹೇಳಿ ಅಧಿಕಾರಿ ಹೋದರು.

ಮೊದಲು ಏನಿತ್ತೆಂದು ಬರೆದಿಟ್ಟವರು ಇಬ್ಬರೇ. ನಾಚಿಕೆ ಬಿಟ್ಟು ಮಣಿಪಾಲಕ್ಕೆ ನಡೆದೆ. ಆ ಹುಡುಗಿಯ ಕಾಲೇಜು ಹುಡುಕುವುದರೊಳಗೆ ಮಧ್ಯಾಹ್ನವಾಗಿತ್ತು. ಅವಳು ಪುಸ್ತಕ ತೆಗೆದು ತೋರಿಸಿದಳು. ನನ್ನ ಮೂರನೇ ಕ್ಲಾಸಿನ ಓದಿಗೆ ಆ ಇಂಗ್ಲಿಷ್ ಹೆಸರುಗಳು ದಕ್ಕಲಿಲ್ಲ. ಕೆಲವು ಹೆಸರಿನ ಮುಂದೆ ಕನ್ನಡದಲ್ಲಿ "ನೆಟ್ಟದ್ದು" ಎಂದಿತ್ತು.

"ನಿನಗೆ ಹೇಗೆ ಗೊತ್ತು ನೆಟ್ಟದ್ದು ಅಂತ?"

"ನನ್ನ ಅಮ್ಮನೂ ಹೀಗೇ ನೆಡುವುದು. ಸುವರ್ಣಗೆಡ್ಡೆಯ ಬುಡಕ್ಕೆ ಒಲೆಯ ಬೂದಿ ಹಾಕಿದ್ರಿ, ಅಲ್ವಾ? ಕಾಡಿನಲ್ಲಿ ಬೂದಿ ಯಾರು ಹಾಕ್ತಾರೆ?"

"ಸೋಮವಾರ ಕಚೇರಿಗೆ ಬರ್ತೀಯಾ?"

"ಬರ್ತೇನೆ. ಆದ್ರೆ ಬರೆದದ್ದನ್ನು ಪೂರ್ತಿ ಓದ್ತೇನೆ."

ಪೂರ್ತಿ ಎಂದರೆ ಎಂತ ಎಂದು ಆಗ ಯೋಚಿಸಲಿಲ್ಲ. ಕಚೇರಿಯಲ್ಲಿ ತಿಳಿಯಿತು. ಮನೆಯ ಹಿಂದಿನ ನಾಲ್ಕು ಚೌಕಗಳನ್ನು ಓದಿದಳು: ಅರಸಿನ, ಕೆಸು, ಹಳೆಯ ಬಸಳೆಯ ಬುಡ, ಎಲ್ಲ ನೆಟ್ಟದ್ದು. ಜಾಗ ಉಳಿಯಿತು ಎಂದುಕೊಂಡೆ. ಅವಳು ಪುಟ ತಿರುಗಿಸಿದಳು. "ಐದನೆಯದು, ಕೆಳಗಿನ ಮೂಲೆ. ಇಲ್ಲಿ ಮನುಷ್ಯರ ಕೆಲಸದ ಗುರುತಿಲ್ಲ."

ಅವಳ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಗುಮಾಸ್ತ ಎದ್ದು ನಿಂತು, "ಈ ಹೆಂಗಸು ಕರೆದುಕೊಂಡು ಬಂದ ಸಾಕ್ಷಿ, ಇದನ್ನು ನಂಬುವುದು ಹೇಗೆ?" ಎಂದ. ಅಧಿಕಾರಿ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಹೇಳಿಕೊಟ್ಟು ತಂದದ್ದಾದ್ರೆ ಆ ಐದನೆಯದನ್ನು ಓದ್ತಿದ್ದಳೇನಯ್ಯಾ?"

ಮನೆಯ ಹಿಂದಿನದ್ದೆಲ್ಲ ನನಗಾಯಿತು. ಮೂಲೆ ಧಣಿಗಳಿಗೆ ಹೋಯಿತು. ಮೆಟ್ಟಿಲಿಳಿಯುವಾಗ ಕೇಳಿದೆ, "ಅದೊಂದು ಸಾಲು ಬಿಟ್ಟು ಓದಿದ್ದರೆ ನಿನ್ನ ಗಂಟು ಏನು ಹೋಗ್ತಿತ್ತು?"

"ಅಲ್ಲಿ ನೀವು ಎಂತಾದ್ರೂ ನೆಟ್ಟಿದ್ರಾ ಅಮ್ಮ?"

ನೆಟ್ಟಿರಲಿಲ್ಲ. ಅದನ್ನು ಅವಳ ಮುಂದೆ ಒಪ್ಪಲು ಹೋಗಲಿಲ್ಲ. ಒಪ್ಪಿದ್ದರೆ ಅದನ್ನೂ ಅಲ್ಲೇ ಬರೆದುಕೊಳ್ಳುತ್ತಿದ್ದಳು.