ಜವಾಬು ಸಿಗದ ತಲೆಬರಹ

ತಾಯಪ್ಪ ತೀರಿಕೊಂಡದ್ದು ಮಸ್ಕಿಯ ಬಸ್ ನಿಲ್ದಾಣದಲ್ಲಿ. ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದನೋ ಸಿಂಧನೂರಿನ ಬಸ್ಸಿಗೋ, ಅವನ ಹೆಂಡತಿ ಅಮರಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಚಹಾ ಹೇಳಿದವನು ಅದು ಬರುವ ಮೊದಲೇ ಎದ್ದು ನಿಂತನಂತೆ, ನಿಂತಲ್ಲೇ ಕುಸಿದನಂತೆ. ನಲವತ್ತೆರಡು ವಯಸ್ಸು. ಮಣ್ಣು ಮಾಡಿ ಬಂದು ವಾರವಾಯಿತು. ಅಂದಿನಿಂದ ಯಾರು ಸಿಕ್ಕರೂ ಒಂದೇ ಮಾತು: ತಲೆಬರಹದಿಂದ ಕೆಲಸ ಕಳೆದುಕೊಂಡವನಲ್ಲವೇ ಅವನು? ಹೌದು, ಅವನೇ. ಆದರೆ ಆ ಒಂದು ಸಾಲಿನ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂಬುದು ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಪಾಮನಕಲ್ಲೂರಿನವರು. ನಮ್ಮೂರಲ್ಲಿ ಮೊಹರಂ ಬಂದರೆ ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರೂ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಸೇರುತ್ತಾರೆ. ಎರಡು ಮೇಳ ಎದುರುಬದುರು ನಿಂತು ಹಾಡುತ್ತವೆ. ಒಂದು ಮೇಳ ಸವಾಲು ಎಸೆದರೆ ಇನ್ನೊಂದು ಜವಾಬು ಕೊಡಬೇಕು. ಅಲ್ಲಿ ದಾಕ್ಷಿಣ್ಯವೆಂಬುದಿಲ್ಲ. ಹೆಂಡತಿ ತವರಿಗೆ ಹೋದವನ ಮುಖಕ್ಕೇ ಅದನ್ನು ಪ್ರಾಸ ಕಟ್ಟಿ ಹಾಡುತ್ತಾರೆ. ಹಾಡಿಸಿಕೊಂಡವನು ಸುಮ್ಮನಿರುವುದಿಲ್ಲ, ಎರಡರಷ್ಟು ಖಾರವಾಗಿ ತಿರುಗಿಸಿ ಹಾಡುತ್ತಾನೆ. ಹಾಡು ಮುಗಿದ ಮೇಲೆ ಇಬ್ಬರೂ ಒಂದೇ ಬೀಡಿ ಹಂಚಿಕೊಂಡು ಸೇದುತ್ತಾರೆ. ತಾಯಪ್ಪ ಮೀಸೆ ಮೂಡುವ ಮೊದಲೇ ಇದರಲ್ಲಿ ಹೆಸರಾಗಿದ್ದ. ಎದುರು ಮೇಳದವರು ಬಾಯಿ ತೆರೆಯುವಷ್ಟರಲ್ಲಿ ಅವನ ಪ್ರಾಸ ಬಂದು ಬಿದ್ದಿರುತ್ತಿತ್ತು.

ಆ ನಾಲಿಗೆಯೇ ಅವನಿಗೆ ಅನ್ನ ಕೊಟ್ಟಿತು. ಎಂಬತ್ತಮೂರರಲ್ಲಿ ಲಿಂಗಸುಗೂರಿನ 'ಎಡದಂಡೆ' ಎಂಬ ಸಂಜೆ ಪತ್ರಿಕೆಗೆ ಸೇರಿದ. ನಾನು ಆಗಷ್ಟೇ ಅದೇ ಊರಿನ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಪತ್ರಿಕೆಯ ಮಾಲೀಕ ಹೊನ್ನೂರಪ್ಪ ಸಾವುಕಾರರು ತುಂಗಭದ್ರೆಯ ಎಡದಂಡೆ ಕಾಲುವೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ನಾಲ್ಕು ಪುಟ. ಮೊಳೆ ಜೋಡಿಸಿ ಅಚ್ಚು ಹಾಕಿ, ಮೂರು ಗಂಟೆಯ ಬಸ್ಸಿಗೆ ಕಟ್ಟು ಏರಿಸಿದರೆ ಮಸ್ಕಿ ದಾಟಿ ಸಿಂಧನೂರು ಮುಟ್ಟುತ್ತಿತ್ತು.

ಅಲ್ಲಿ ತಲೆಬರಹವನ್ನು ಬರೆದು ಕೊಡುವ ಪದ್ಧತಿ ಇರಲಿಲ್ಲ. ತಾಯಪ್ಪ ಅಚ್ಚುಮೊಳೆಗಳ ಪೆಟ್ಟಿಗೆಯ ಪಕ್ಕ ನಿಂತು ಬಾಯಿಯಲ್ಲಿ ಹೇಳುತ್ತಿದ್ದ. ಮೊಳೆ ಜೋಡಿಸುವವರು ನಕ್ಕರೆ ಅದು ಅಚ್ಚಿಗೆ ಹೋಗುತ್ತಿತ್ತು, ನಗದಿದ್ದರೆ ಇನ್ನೊಂದು. ಅಚ್ಚಿನಮನೆ ನಕ್ಕರೆ ಊರೂ ನಗುತ್ತದೆ ಎಂಬುದು ಹೊನ್ನೂರಪ್ಪನವರ ಲೆಕ್ಕ. ಸರಕಾರಿ ಕಚೇರಿಯೊಂದರ ಮಾಳಿಗೆ ಸೋರಿದಾಗ 'ಸಾಹೇಬರಿಗೆ ಕೊಡೆ, ಕಡತಗಳಿಗೆ ಸ್ನಾನ' ಎಂದು ಹಾಕಿದ. ಆ ಸಾಹೇಬರೇ ಅವನನ್ನು ಕರೆಸಿ ಚಹಾ ಕುಡಿಸಿ, ಮುಂದಿನ ಸಲ ಛತ್ರಿ ಹಿಡಿದು ಬಾ ಎಂದು ತಿರುಗೇಟು ಕೊಟ್ಟರಂತೆ. ಅದನ್ನು ತಾಯಪ್ಪ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಜವಾಬು ಬಂತಲ್ಲ ಎಂಬುದೇ ಅವನ ಖುಷಿ.

ಎಂಬತ್ತೆಂಟರ ಶ್ರಾವಣ, ಭತ್ತದ ನಾಟಿಯ ಕಾಲ. ಸಿಂಧನೂರಿನಲ್ಲಿ ಪತ್ರಿಕೆ ಮಾರುತ್ತಿದ್ದ ಗದ್ದೆಪ್ಪ ಗೊಬ್ಬರದ ಅಂಗಡಿಯಿಂದ ಫೋನ್ ಮಾಡಿದ. ಆರ್.ಎಚ್. ಕ್ಯಾಂಪಿನ ನಿತಾಯಿ ಮಂಡಲ್ ಎಂಬ ಹುಡುಗ ಕಾಲುವೆಯಲ್ಲಿ ಮುಳುಗಿ ಸತ್ತಿದ್ದಾನೆ, ಹೆಣ ಎರಡು ದಿನ ತಡವಾಗಿ ಸಿಕ್ಕಿದೆ, ಮುಖ ಗುರುತು ಸಿಗುವಂತಿರಲಿಲ್ಲ, ಇಷ್ಟೇ ಅವನು ಹೇಳಿದ್ದು. ಅಷ್ಟರಲ್ಲಿ ಲೈನು ಕಡಿದುಹೋಯಿತು. ಬಸ್ಸಿನ ಹೊತ್ತು ಹತ್ತಿರವಾಗಿತ್ತು.

ಕ್ಯಾಂಪಿನವರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು. ಸರಕಾರ ಸಿಂಧನೂರಿನ ಸುತ್ತ ಅವರಿಗೆ ನೆಲ ಕೊಟ್ಟಿತ್ತು. ಅದನ್ನು ಹದ ಮಾಡಿ ಅವರು ಭತ್ತ ಬೆಳೆದರು. ಅವರು ಮೀನು ತಿನ್ನುವುದು ನಮ್ಮ ಕಡೆಯ ಜೋಳದ ರೊಟ್ಟಿಯ ಜನಕ್ಕೆ ಮೊದಲಿನಿಂದಲೂ ನಗೆಯ ವಸ್ತು. ಹುಡುಗ ಕಾಲುವೆಗೆ ಯಾಕೆ ಇಳಿದನೆಂದು ಗದ್ದೆಪ್ಪ ಹೇಳಿರಲಿಲ್ಲ, ತಾಯಪ್ಪ ಕೇಳಲಿಲ್ಲ. ಕ್ಯಾಂಪಿನವನು ನೀರಿಗೆ ಇಳಿದರೆ ಮೀನಿಗಲ್ಲದೆ ಮತ್ತೇತಕ್ಕೆ? ಪೆಟ್ಟಿಗೆಯ ಪಕ್ಕ ನಿಂತು ಒಂದೇ ಉಸಿರಿಗೆ ಹೇಳಿದ: 'ಮೀನಿಗೆಂದು ಹೋದ, ಮೀನಿಗೆ ಊಟವಾದ.' ಅಚ್ಚಿನಮನೆಯೆಲ್ಲ ನಕ್ಕಿತು. ಹೊನ್ನೂರಪ್ಪನವರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಮೊದಲ ಪುಟದ ನೆತ್ತಿಯ ಮೇಲೆ ಬಂತು.

ಕ್ಯಾಂಪಿನಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದ ಯಾರೋ ಅದನ್ನು ಹುಡುಗನ ತಾಯಿಯ ಎದುರೇ ಓದಿ ಹೇಳಿದರು. ಮರುದಿನ ಸಂಜೆ ಸಿಂಧನೂರಿನ ನಿಲ್ದಾಣಕ್ಕೆ ಪತ್ರಿಕೆಯ ಕಟ್ಟು ಬಂದಾಗ ಕ್ಯಾಂಪಿನ ಜನ ಅದನ್ನು ಬಿಚ್ಚಿ ರಸ್ತೆಯ ಮೇಲೆ ಹಾಸಿ, ಅದರ ಮೇಲೆ ಕುಳಿತರು. ಘೋಷಣೆ ಕೂಗಲಿಲ್ಲ, ಪತ್ರಿಕೆ ಹರಿಯಲಿಲ್ಲ, ಸುಡಲಿಲ್ಲ. ಬಸ್ಸುಗಳು ನಿಂತವು. ವಿಚಿತ್ರವೆಂದರೆ ಪಕ್ಕದ ಸಾಲಗುಂದದ ನಮ್ಮ ಜನವೂ ಒಂದಿಷ್ಟು ಮಂದಿ ಬಂದು ಅವರೊಡನೆ ಕುಳಿತಿದ್ದರು. ಅದು ಯಾಕೆಂದು ಆಗ ನಮಗೆ ತಿಳಿಯಲಿಲ್ಲ.

ಹೊನ್ನೂರಪ್ಪನವರು ಆ ವರ್ಷ ಸಹಕಾರ ಸಂಘದ ಚುನಾವಣೆಗೆ ನಿಂತಿದ್ದರು. ಕ್ಯಾಂಪಿನ ಮತಗಳು ಅವರಿಗೆ ಬೇಕಿದ್ದವು. ಬೆಳಿಗ್ಗೆ ತಾಯಪ್ಪ ಕಚೇರಿಗೆ ಹೋದಾಗ ಅವನ ಕುರ್ಚಿಯನ್ನು ಹೊರಗೆ ಇಟ್ಟಿದ್ದರು.

"ನೀವೂ ನಕ್ಕಿದ್ರಲ್ಲ ಸಾವ್ಕಾರ್ರ," ಎಂದನಂತೆ ತಾಯಪ್ಪ.

"ನಕ್ಕೀನಿ. ಹೇಳಿದಾವ ನೀನು. ಹೋಗಿನ್ನ."

ಮರುದಿನ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದವು: ಓದುಗರ ಮನಸ್ಸಿಗೆ ನೋವಾಗಿದ್ದರೆ ವಿಷಾದಿಸುತ್ತೇವೆ. ತಾಯಪ್ಪ ಅದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. "ಓದುಗರಂತ ನೋಡಲೇ ವೆಂಕೋಬ. ಆ ಹುಡುಗನ ಅವ್ವಗ ಓದಾಕ ಬರತೈತೇನು?"

ಮೊದಲ ಕೆಲವು ತಿಂಗಳು ಅವನಿಗೆ ಸಿಟ್ಟಿತ್ತು. ಚೇಷ್ಟೆ ತಿಳಿಯದ ಜನ ಎಂದು ಕ್ಯಾಂಪಿನವರನ್ನು ಬೈದ, ಹೊನ್ನೂರಪ್ಪನವರನ್ನು ಬೈದ. ಆಮೇಲೆ ಸಿಟ್ಟು ಇಳಿದು, ಕೂರಗೊಡದ ಇನ್ನೇನೋ ಹತ್ತಿಕೊಂಡಿತು. ಮಸ್ಕಿಯಲ್ಲಿ ಅಂಗಡಿಗಳ ಬೋರ್ಡು ಬರೆದ, ಬಿಟ್ಟ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ, ಬಿಟ್ಟ. ಲಿಂಗಸುಗೂರಿಗೆ ಬಂದು ಮದುವೆ ಪತ್ರಿಕೆಗಳ ಒಕ್ಕಣೆ ಬರೆದುಕೊಟ್ಟ, ಅದನ್ನೂ ಬಿಟ್ಟ. ಮೂರು ಊರುಗಳ ನಡುವಿನ ಆ ಒಂದೇ ರಸ್ತೆಯಲ್ಲಿ ಹೋಗುವುದು, ಬರುವುದು. ಕೆಲವು ದಿನ ಕ್ಯಾಂಪಿನ ತಿರುವಿನಲ್ಲಿ ಇಳಿದು, ಕಾಲುವೆಯ ಸೇತುವೆಯವರೆಗೆ ನಡೆದು, ಮುಂದಿನ ಬಸ್ಸಿಗೆ ವಾಪಸು ಬರುತ್ತಿದ್ದನೆಂದು ಕಂಡಕ್ಟರೊಬ್ಬರು ನನಗೆ ಹೇಳಿದರು. ಅಮರಮ್ಮ ನನ್ನ ಮುಂದೆ ಅತ್ತದ್ದು ಒಂದೇ ಸಲ. "ಕುಂದ್ರು ಅಂದ್ರ ಕುಂದ್ರಂಗಿಲ್ಲ, ಎಲ್ಲಿಗೆ ಹೊಂಟಿ ಅಂದ್ರ ಹೇಳಂಗಿಲ್ಲ. ಗೂಟ ಕಿತ್ತ ಎತ್ತು ಆಗ್ಯಾನ್ರೀ ಮಾಸ್ತರ."

ಒಮ್ಮೆ ಮಸ್ಕಿಯ ಗುಡ್ಡದ ಬುಡದಲ್ಲಿ ನಡೆಯುತ್ತಿದ್ದಾಗ ಅವನೇ ಬಾಯಿ ಬಿಟ್ಟ. ಕ್ಯಾಂಪಿನವರು ಬೈದಿದ್ದರೆ, ಕಲ್ಲು ಎಸೆದಿದ್ದರೆ, ತನ್ನ ಹೆಸರು ಹಿಡಿದು ಕೂಗಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದ. ಅಲಾಯಿ ಮುಂದೆ ನಿಂತು ಹಾಡುವಾಗ ಎದುರಿನವನ ಮುಖ ಕಾಣುತ್ತದೆ, ಅವನ ಕೈಯಲ್ಲೂ ಒಂದು ಪದ ಇರುತ್ತದೆ. "ನಾನು ಆ ಹುಡುಗನ ಅವ್ವನ ಬಾಯಿ ಕಟ್ಟಿ ಹಾಡ್ದೆಲ್ಲೋ," ಎಂದ. ಆಮೇಲೆ ಬೇಗ ಬೇಗ ಮುಂದೆ ನಡೆದ.

ತೊಂಬತ್ತರ ಕೊನೆಯಲ್ಲಿ ನನ್ನನ್ನೂ ಕರೆದುಕೊಂಡು ಕ್ಯಾಂಪಿಗೆ ಹೋದ. ಒಬ್ಬನೇ ಹೋದರೆ ಸೇತುವೆಯಿಂದ ತಿರುಗಿ ಬಂದುಬಿಡುತ್ತೇನೆ ಎಂದು ಹೇಳಿಯೇ ಕರೆದಿದ್ದ. ಸುಗ್ಗಿ ನಡೆದಿತ್ತು. ನಿತಾಯಿಯ ತಾಯಿ ಮಾಲತಿ ಅಂಗಳದಲ್ಲಿ ಭತ್ತ ತೂರುತ್ತಿದ್ದಳು. ಸಾಲಗುಂದದ ಹೆಣ್ಣುಮಕ್ಕಳ ಜೊತೆ ವರ್ಷಗಟ್ಟಲೆ ನಾಟಿ ಹಚ್ಚಿ ಕನ್ನಡ ಕಲಿತವಳು. ಮಾತು ಅವರದೇ, ಎಳೆತ ಮಾತ್ರ ಬೇರೆ.

"ಪೇಪರ್‌ನ್ಯಾಗ ಹಂಗ ಹಾಕಿದಾವ ನಾನ ರೀ ಅವ್ವ," ಎಂದ ತಾಯಪ್ಪ.

ಅವಳು ಮೊರ ಇಳಿಸಲಿಲ್ಲ. "ಏನು ಹಾಕಿದ್ದಿ? ಹೇಳು."

"ಓದಿ ಹೇಳ್ಯಾರಲ್ರೀ ನಿಮಗ."

"ಅವರು ಹೇಳ್ಯಾರ. ನೀ ಹೇಳು. ನಿನ್ನ ಬಾಯಾಗ ಕೇಳತೀನಿ."

ತಾಯಪ್ಪ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಹೇಳಿದ. ಸಾವಿರ ಜನರ ಮುಂದೆ ಹಾಡಿದವನು ಆ ನಾಲ್ಕು ಪದಕ್ಕೆ ಎರಡು ಸಲ ನಿಂತ. ಮುಗಿದ ಮೇಲೆ ಅವಳು ಮೊರವನ್ನು ಕೆಳಗಿಟ್ಟಳು.

"ಮೀನಿಗೆ ಹೋಗಿದ್ದಿಲ್ಲ ಅವ. ತೂಬಿಗೆ ಮುಳ್ಳುಕಂಟಿ ಸಿಕ್ಕಿತ್ತು. ಸಾಲಗುಂದದವರ ಗದ್ದಿಗೆ ನೀರು ಹೋಗವಲ್ದಾಗಿತ್ತು. ತಗೀತೀನಿ ಅಂತ ಇಳದ. ಕಾಲು ಸಿಕ್ತು, ಮ್ಯಾಲ ಬರ್ಲಿಲ್ಲ."

ಸಾಲಗುಂದದವರು ರಸ್ತೆಯ ಮೇಲೆ ಬಂದು ಕುಳಿತದ್ದು ಯಾಕೆಂದು ನಮಗೆ ಆಗ ತಿಳಿಯಿತು. ತಾಯಪ್ಪ ಏನೋ ಹೇಳಲು ಹೋದ. ಅವಳು ಕೈ ಎತ್ತಿ ತಡೆದಳು. "ಅದನ್ನ ಊರಿಗೆಲ್ಲ ಹೇಳಿದೆಲ್ಲ. ಇದನ್ನೂ ಹೇಳು." ಮತ್ತೆ ಮೊರ ಎತ್ತಿಕೊಂಡಳು.

ಅಲ್ಲಿಂದ ಅವನು ನೇರವಾಗಿ ಹೊನ್ನೂರಪ್ಪನವರ ಬಳಿಗೆ ಹೋದ. ಎರಡು ವರ್ಷದ ಹಿಂದಿನ ಹೆಣ ಈಗ್ಯಾಕೆ ಎತ್ತುತ್ತಿ ಎಂದು ಅವರು ಬಾಗಿಲಲ್ಲೇ ಮಾತು ಮುಗಿಸಿದರು. ಅವರು ಚುನಾವಣೆ ಗೆದ್ದಾಗಿತ್ತು. ಬೇರೆ ಪತ್ರಿಕೆಗಳವರು ಅದು ತಮ್ಮ ತಪ್ಪಲ್ಲ, ತಾವು ತಿದ್ದುವುದೇಕೆ ಎಂದರು. ಮೂರು ಊರಿನಲ್ಲೂ ತಿರುಗಿದ. ಎಲ್ಲರೂ ಚಹಾ ಕುಡಿಸಿದರು, ಯಾರೂ ಅಚ್ಚು ಹಾಕಲಿಲ್ಲ.

ಆ ದಿನಗಳಲ್ಲಿ ಅವನಿಗೆ ಸಿಂಧನೂರಿನ ಟಾಕೀಸೊಂದರಲ್ಲಿ ಪ್ರಚಾರದ ಕೆಲಸ ಸಿಕ್ಕಿತ್ತು. ಶುಕ್ರವಾರ ಚಿತ್ರ ಬದಲಾದರೆ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಊರೂರು ಕೂಗಿ ಬರುವುದು. ನಾಲಿಗೆಯ ಕೆಲಸವೇ ಆದ್ದರಿಂದ ಚೆನ್ನಾಗಿ ಮಾಡುತ್ತಿದ್ದ. ಒಂದು ಶುಕ್ರವಾರ ಶಾಲೆಗೆ ರಜೆ ಹಾಕಿ ಬಾ ಎಂದು ನನಗೆ ಹೇಳಿ ಕಳಿಸಿದ. ನಾನು ಹೋಗಿ ಆಟೋದಲ್ಲಿ ಅವನ ಪಕ್ಕ ಕೂತೆ. ಆಟೋ ಮಾನಪ್ಪನದು.

ಬಜಾರದಲ್ಲಿ ಹೊಸ ಚಿತ್ರದ ಹೆಸರು, ಆಟಗಳ ವೇಳೆ ಎಲ್ಲ ಎಂದಿನಂತೆ ಕೂಗಿದ. ಆಮೇಲೆ ದನಿ ಇಳಿಸಿದ. ಪ್ರಾಸವಿಲ್ಲ, ಕುಣಿತವಿಲ್ಲ. "ಮಹಾಜನರೇ, ಎರಡು ವರ್ಷದ ಹಿಂದೆ ಎಡದಂಡೆ ಪೇಪರಿನಲ್ಲಿ ಆರ್.ಎಚ್. ಕ್ಯಾಂಪಿನ ನಿತಾಯಿ ಮಂಡಲ್ ಬಗ್ಗೆ ಬಂದ ತಲೆಬರಹ ಸುಳ್ಳು. ನಿತಾಯಿ ಮೀನಿಗೆ ಹೋಗಿರಲಿಲ್ಲ. ಸಾಲಗುಂದದ ಗದ್ದೆಗೆ ನೀರು ಬಿಡಿಸಲು ತೂಬಿಗೆ ಇಳಿದು ಸತ್ತ. ಸುಳ್ಳು ಹಾಕಿದವನು ಪಾಮನಕಲ್ಲೂರಿನ ತಾಯಪ್ಪ. ಅವನು ನಾನೇ."

ಜನ ಮೊದಲು ಇದನ್ನು ಚಿತ್ರದ ಕಥೆ ಎಂದುಕೊಂಡರು. ಚಪ್ಪಲಿ ಹೊಲಿಯುವವನೊಬ್ಬ ಕತ್ತೆತ್ತಿ, ಹೀರೋ ಕೊನೆಗೆ ಬದುಕುತ್ತಾನೋ ಇಲ್ಲವೋ ಎಂದು ಕೇಳಿದ. ಇನ್ನೊಂದು ಬೀದಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ಮಾನಪ್ಪ ಹೆದರಿದ. "ಅಣ್ಣಾ, ಮಾಲಕರು ಕೇಳಿದ್ರ ನಂದೂ ಆಟೋ ಹೋಗತೈತಿ." ಸ್ವಲ್ಪ ದೂರ ಹೋದ ಮೇಲೆ ತಾನೇ ಕೇಳಿದ: "ಮುಂದ ಸಾಲಗುಂದಕ್ಕ ಹೊಡೀಲೇನು?"

ಸಾಲಗುಂದದಲ್ಲಿ ಯಾರೂ ನಗಲಿಲ್ಲ. ಒಬ್ಬ ಮುದುಕ ಕಟ್ಟೆಯಿಂದ ಎದ್ದು ನಿಂತು ಕೇಳಿದ. ಸಂಜೆಯ ಹೊತ್ತಿಗೆ ಕ್ಯಾಂಪು ಮುಟ್ಟಿದೆವು. ಓಣಿಯ ಬಾಯಲ್ಲಿ ತಾಯಪ್ಪ ಅದೇ ಮಾತನ್ನು ಮತ್ತೆ ಹೇಳಿದ. ಮನೆಗಳಿಂದ ಜನ ಹೊರಬಂದು ನಿಂತರು. ಮಾಲತಿಯೂ ಬಂದಳು. ಮುಗಿಯುವವರೆಗೆ ಕೇಳಿದಳು. ಮುಗಿದ ಮೇಲೂ ತಾಯಪ್ಪ ಮೈಕ್ ಇಳಿಸಲಿಲ್ಲ, ಅದನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಬೈಗುಳವಾದರೂ ಸರಿ ಎಂಬಂತೆ ಕಾಯುತ್ತಿದ್ದ.

"ಕೇಳಿಸ್ತು," ಎಂದಳು ಅವಳು. "ಇನ್ನ ಅದನ್ನ ಬಂದ್ ಮಾಡು. ಮಂದಿ ದಣದು ಬಂದಾರ." ಒಳಗೆ ಹೋದಳು.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಅವನು ಕೇಳಿರಲೂ ಇಲ್ಲ. ಮಾನಪ್ಪ ಆಟೋ ತಿರುಗಿಸಿದ. ಸೇತುವೆ ದಾಟಿದ ಮೇಲೆ ತಾಯಪ್ಪ ಮೆಲ್ಲಗೆ, "ಇದು ಜವಾಬು ಹೌದೋ ಅಲ್ಲೋ ವೆಂಕೋಬ?" ಎಂದು ಕೇಳಿದ. ನನಗೆ ತಿಳಿಯಲಿಲ್ಲ, ಹಾಗೆಂದೇ ಹೇಳಿದೆ. ಹಾದಿಯಲ್ಲಿ ಇನ್ನೂ ಮೂರು ಹಳ್ಳಿಗೆ ಚಿತ್ರದ ಪ್ರಚಾರ ಬಾಕಿಯಿತ್ತು. ಮಾನಪ್ಪ ಪ್ರತಿ ಹಳ್ಳಿಯ ಬಳಿಯೂ ಆಟೋ ನಿಧಾನ ಮಾಡಿ ಹಿಂದೆ ತಿರುಗಿ ನೋಡಿದ. ತಾಯಪ್ಪ ಮೈಕ್ ಮುಟ್ಟಲಿಲ್ಲ.