ಲೈಬ್ರರಿಯ ಕೀಲಿ ಕೊಡಲು ಬಂದವರು

ದೆಹಲಿಯ ಓಖ್ಲಾದ ಸಿದ್ಧ ಉಡುಪಿನ ಘಟಕವೊಂದರಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಕರ್ನಾಟಕಕ್ಕೆ ಹೋಗುವ ಅಂಗಿಗಳ ಲೇಬಲ್ಲಿನಲ್ಲಿ ‘ಬಟ್ಟೆ’ ಎಂಬುದು ಇದ್ದಕ್ಕಿದ್ದಂತೆ ‘ಬಟ್‌ಟೆ’ ಎಂದು ಅಚ್ಚಾಗತೊಡಗಿತು. ತಪ್ಪಿದ್ದದ್ದು ಅಕ್ಷರ ಜೋಡಿಸಲು ನಾವು ಬಳಸುತ್ತಿದ್ದ ಓಪನ್ ಸೋರ್ಸ್ ಲೈಬ್ರರಿಯಲ್ಲಿ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಕೋಡ್ ಅದು. ತಿದ್ದಿ ಕಳಿಸಿದೆ. ಅದನ್ನು ನಡೆಸುತ್ತಿದ್ದವರು ಮರುದಿನವೇ ಒಪ್ಪಿಕೊಂಡರು. ಇನ್ನೆರಡು ತಿದ್ದುಪಡಿ ಕಳಿಸಿದ ಮೇಲೆ ಕನ್ನಡದಲ್ಲೇ ಮೇಲ್ ಬಂತು: “ಇನ್ನು ಮುಂದೆ ಇದನ್ನು ನೀವೇ ನೋಡಿಕೊಳ್ಳುತ್ತೀರಾ? ಪೂರ್ತಿ ಅಧಿಕಾರ ಕೊಡುತ್ತೇನೆ. ನಾನೂ ದೆಹಲಿಯಲ್ಲೇ ಇದ್ದೇನೆ.”

ಖುಷಿಯಾಗುವ ಬದಲು ಹೆದರಿಕೆಯಾಯಿತು. ನಾನು ದೆಹಲಿಯಲ್ಲಿರುವುದು ಇವರಿಗೆ ಹೇಗೆ ಗೊತ್ತು? ಆ ಅಧಿಕಾರ ಇದ್ದವರು ಏನನ್ನು ಸೇರಿಸಿದರೂ ಅದು ಬಳಸುವವರೆಲ್ಲರ ಕಂಪ್ಯೂಟರಿಗೆ ಹೋಗುತ್ತದೆ. ಒಳಗೆ ಏನೋ ಬಚ್ಚಿಟ್ಟು, ನನ್ನ ತಲೆಗೆ ಕಟ್ಟಿ ಜಾರಿಕೊಳ್ಳುವ ಉಪಾಯವಿರಬಹುದೇ? ಹಳೆಯ ಬದಲಾವಣೆಗಳನ್ನೆಲ್ಲ ಒಂದೊಂದೇ ಸಾಲು ಓದಿದೆ. ಏನೂ ಸಿಗಲಿಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಪೀತಮ್‌ಪುರದಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಗೆಳತಿ, “ಮುಖ ನೋಡದೆ ಹ್ಞೂಂ ಅನ್ನಬೇಡ ಕಣೇ,” ಎಂದಳು. ಶನಿವಾರ ಮಧ್ಯಾಹ್ನ ಕರಾವಳಿಯವರ ಹೋಟೆಲೊಂದರಲ್ಲಿ ಸಿಗೋಣವೆಂದು ಬರೆದೆ. ಅಪರಿಚಿತಳಂತೆ ಪಕ್ಕದ ಟೇಬಲ್ಲಿನಲ್ಲಿ ಕೂರಲು ಗೆಳತಿಯನ್ನೂ ಕರೆದೊಯ್ದೆ.

ಬಂದವರು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ, ಐವತ್ತು ದಾಟಿದ ಹೆಂಗಸು. ಕೂತವರೇ ನನ್ನ ಆಫೀಸಿನ ಗುರುತಿನ ಚೀಟಿ ಕೇಳಿದರು. ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರು.

“ಆಂಟಿ, ನಾನು ದೆಹಲಿಯವಳು ಅಂತ ಹೇಗೆ ಗೊತ್ತಾಯ್ತು?”

“ನೀನು ಕಳಿಸಿದ ಲೇಬಲ್ ಫೋಟೋದಲ್ಲಿ ಓಖ್ಲಾದ ವಿಳಾಸ ಇತ್ತಲ್ಲಮ್ಮ.”

ನನಗೆ ನಾಚಿಕೆಯಾಯಿತು. ಆದರೂ ಕೇಳಿದೆ: “ಇಷ್ಟು ವರ್ಷ ಮಾಡಿದ್ದನ್ನ ಗುರುತಿಲ್ಲದವಳಿಗೆ ಯಾಕೆ ಕೊಡ್ತೀರಿ?”

“ಒತ್ತಕ್ಷರ ಕಾಣಿಸ್ತಿಲ್ಲ,” ಎಂದರು. “ಕಣ್ಣಿನ ನರ ಹೋಗ್ತಾ ಇದೆಯಂತೆ, ವಾಪಸ್ ಬರಲ್ಲವಂತೆ. ನೀನು ಕಳಿಸಿದ್ದನ್ನ ದೊಡ್ಡದು ಮಾಡ್ಕೊಂಡು ಮೂರು ಮೂರು ಸಲ ಓದಿದೀನಿ. ನನಗೂ ನಿನ್ನ ಮೇಲೆ ಅನುಮಾನವೇ.”

ಅಷ್ಟರಲ್ಲಿ ಗೆಳತಿ ನನಗೆ ಕಣ್ಸನ್ನೆ ಮಾಡಿದಳು. ಬಾಗಿಲ ಬಳಿ ಒಬ್ಬ ಗಂಡಸು ಆಗಿನಿಂದ ನಮ್ಮನ್ನೇ ನೋಡುತ್ತಿದ್ದರು.

“ಅವರು ನಮ್ಮ ಯಜಮಾನರು,” ಎಂದರು ಆಕೆ. “ಪಕ್ಕದ ಹುಡುಗಿ ನಿನ್ನ ಜೊತೆಯವಳು ತಾನೇ? ಇಬ್ಬರನ್ನೂ ಇಲ್ಲಿಗೇ ಕರಿ, ದೋಸೆ ಆರಿಹೋಗುತ್ತೆ.”

ಒಂದು ಷರತ್ತಿನ ಮೇಲೆ ಒಪ್ಪಿದೆ: ನಾವಿಬ್ಬರೂ ಪರೀಕ್ಷಿಸದೆ ಯಾವ ಬದಲಾವಣೆಯೂ ಹೊರಗೆ ಹೋಗಬಾರದು. ಅವರಿಗೆ ನಾನು ಫೋನಿನಲ್ಲಿ ಓದಿ ಹೇಳುತ್ತೇನೆ ಎಂದೆ.

“ಇದ್ದದ್ದನ್ನೇ ಓದ್ತೀಯ ಅಂತ ಹೇಗೆ ನಂಬಲಿ?” ಎಂದರು. ತಮಾಷೆಗೆ ಹೇಳಿದಂತೆ ಕಾಣಲಿಲ್ಲ.

ಈಗ ವಾರಕ್ಕೊಮ್ಮೆ ಓದುತ್ತೇನೆ. ಆ ಕಡೆ ಅವರ ಯಜಮಾನರು, ಕೋಡ್ ಒಂದಿಷ್ಟೂ ತಿಳಿಯದಿದ್ದರೂ, ಅದೇ ಪುಟ ತೆರೆದು ಸಾಲು ಸಾಲಿಗೂ ಬೆರಳಿಟ್ಟು ತಾಳೆ ನೋಡುತ್ತಾರೆ.